ಕೊಲೆಯ ಆರೋಪವೂ ಚಿತ್ತದ ಅಸ್ವಾಸ್ಥ್ಯವೂ

ವೃತ್ತಪತ್ರಿಕೆಯ ಒಳಪುಟಗಳಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ಬಗೆಯ ಸುದ್ದಿ ಕಾಣಿಸಿಕೊಳ್ಳುತ್ತದೆ. ಒಬ್ಬಾತನು ತನ್ನ ಮನೆಯವರನ್ನೋ ನೆರೆಯವರನ್ನೋ ಕೊಂದನು. ಆತನ ಬುದ್ಧಿ ಸ್ವಾಧೀನದಲ್ಲಿರಲಿಲ್ಲವೆಂದು ವಕೀಲರು ವಾದಿಸಿದರು. ಇಂತಹ ಸುದ್ದಿಯನ್ನು ಓದಿದ ಮನೆಯಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಹುಟ್ಟುತ್ತವೆ. “ಕೊಂದವರೆಲ್ಲ ಹುಚ್ಚರೆಂದು ಹೇಳಿಕೊಂಡು ತಪ್ಪಿಸಿಕೊಂಡರೆ ನ್ಯಾಯವೆಲ್ಲಿ ಉಳಿಯಿತು?” ಎಂದು ಒಬ್ಬರು ಕೇಳುತ್ತಾರೆ. “ತಾನೇನು ಮಾಡುತ್ತಿದ್ದೇನೆಂದೇ ಅರಿಯದವನನ್ನು ಶಿಕ್ಷಿಸಿದರೆ ಅದು ನ್ಯಾಯವೆ?” ಎಂದು ಮತ್ತೊಬ್ಬರು ಕೇಳುತ್ತಾರೆ. ಈ ಎರಡು ಪ್ರಶ್ನೆಗಳಲ್ಲಿಯೂ ಸತ್ಯವಿದೆ. ಎರಡಕ್ಕೂ ಉತ್ತರ ಕೊಡಬೇಕಾದ ಕಷ್ಟ ಕಾನೂನಿನದು. ಅದು ಹೇಗೆ ಉತ್ತರಿಸುತ್ತದೆ, ಆ ಉತ್ತರದಿಂದ ನಮ್ಮಂತಹ ಸಾಮಾನ್ಯ ಮನೆಗಳವರು ಕಲಿಯಬೇಕಾದುದೇನು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಕಾಸರಗೋಡಿನ ಕನ್ನಡಿಗರಾದ ನಮಗೆ ಈ ವಿಷಯದಲ್ಲಿ ಎರಡು ದೂರದ ಊರುಗಳ ಹೆಸರು ಮುಖ್ಯವಾಗುತ್ತದೆ. 1956ನೆಯ ಇಸವಿ ನವೆಂಬರ್ 1ರಂದು ಕೇರಳ ರಾಜ್ಯವು ರೂಪುಗೊಂಡಾಗ, ಅಲ್ಲಿಯವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ನಮ್ಮ ತಾಲೂಕು ಅದರಲ್ಲಿ ಸೇರಿತು. ಅದೇ ದಿನ ಎರ್ನಾಕುಳದಲ್ಲಿ ಕೇರಳದ ಉಚ್ಚ ನ್ಯಾಯಾಲಯವೂ ಸ್ಥಾಪಿತವಾಯಿತು. ಅಂದಿನಿಂದ ಇಲ್ಲಿಯ ಕೊಲೆ ಮೊಕದ್ದಮೆಗಳ ಮೇಲ್ಮನವಿಯು ಹೋಗುವುದು ಕೊಚ್ಚಿಗೆ. ಇನ್ನು ರಾಜಧಾನಿಯಾದ ತಿರುವನಂತಪುರದಲ್ಲಿ ಊಳಂಪಾರವೆಂಬ ಸ್ಥಳವಿದೆ. ತಿರುವಾಂಕೂರು ಸಂಸ್ಥಾನದ ಕಾಲದಲ್ಲಿ, 1870ರಲ್ಲಿ, ಆರಂಭವಾದ ಮಾನಸಿಕ ಆರೋಗ್ಯ ಕೇಂದ್ರವು ಇಂದು ಅಲ್ಲಿದೆ. ಕಲ್ಲಿಕೋಟೆಯ ಕುತಿರವಟ್ಟಂ ಎಂಬಲ್ಲಿಯೂ ತ್ರಿಶೂರಿನಲ್ಲಿಯೂ ಇಂತಹವೇ ಹಳೆಯ ಸಂಸ್ಥೆಗಳಿವೆ. ನ್ಯಾಯಾಲಯ ಮತ್ತು ಆಸ್ಪತ್ರೆ ಇವೆರಡರ ನಡುವಣ ದಾರಿಯೇ ನಮ್ಮ ಇಂದಿನ ವಿಷಯ.

ವಿಷಯವು ಸ್ಪಷ್ಟವಾಗಲೆಂದು ಒಂದು ಕಲ್ಪಿತ ಪ್ರಸಂಗವನ್ನು ಮುಂದಿಟ್ಟುಕೊಳ್ಳೋಣ. ಕೊಚ್ಚಿಯ ಸಮೀಪ, ಪೆರಿಯಾರ್ ನದಿಯ ದಡದಲ್ಲಿ ಏಲೂರು ಎಂಬ ಊರಿದೆ. ರಸಗೊಬ್ಬರದ ದೊಡ್ಡ ಕಾರ್ಖಾನೆಯಿಂದ ಹೆಸರಾದ ಊರು ಅದು. ನಮ್ಮ ಕಡೆಯ ತರುಣನೊಬ್ಬನು ಅಲ್ಲಿ ಒಂದು ಕಾರ್ಖಾನೆಯ ಕೆಲಸಕ್ಕೆ ಸೇರಿ, ಮತ್ತೊಬ್ಬ ಕೆಲಸಗಾರನೊಡನೆ ಬಾಡಿಗೆಯ ಕೋಣೆಯಲ್ಲಿ ವಾಸಿಸುತ್ತಾನೆಂದು ಭಾವಿಸಿರಿ. ಕೆಲವು ತಿಂಗಳಿನಲ್ಲಿ ಅವನ ನಿದ್ರೆ ಕೆಡುತ್ತದೆ. ಯಾರೂ ಇಲ್ಲದಾಗ ಯಾರೋ ತನ್ನನ್ನು ಬೈಯುವಂತೆ ಕೇಳಿಸುತ್ತದೆ. ಅನ್ನದಲ್ಲಿ ಜೊತೆಗಾರನು ವಿಷ ಹಾಕುತ್ತಿದ್ದಾನೆಂಬ ಸಂಶಯ ಬಲಿಯುತ್ತದೆ. ರಜೆಯಲ್ಲಿ ಊರಿಗೆ ಬಂದಾಗ ತಾಯಿಯು ಇದನ್ನು ಗಮನಿಸುತ್ತಾಳೆ. ಜೋಯಿಸರಲ್ಲಿ ಪ್ರಶ್ನೆ ಇಡಿಸುತ್ತಾರೆ, ನೂಲು ಕಟ್ಟಿಸುತ್ತಾರೆ. “ಹೊರಗೆ ಗೊತ್ತಾದರೆ ತಂಗಿಯ ಸಂಬಂಧ ಮುರಿದುಹೋದೀತು, ಯಾರ ಹತ್ತಿರವೂ ಹೇಳಬೇಡಿ” ಎಂದು ಸೋದರಮಾವನು ಎಚ್ಚರಿಸುತ್ತಾನೆ. ತರುಣನು ಏಲೂರಿಗೆ ಹಿಂದಿರುಗುತ್ತಾನೆ. ಒಂದು ರಾತ್ರಿ ಅವನ ಕೈಯಿಂದ ಆ ಜೊತೆಗಾರನ ಕೊಲೆಯಾಗುತ್ತದೆ.

ಇವನು ಅಪರಾಧಿಯೆ? ಉತ್ತರವು ಒಂದೇ ಅಲ್ಲ. ಕೊಲ್ಲುವಾಗ ಅವನ ಮನಸ್ಸಿನಲ್ಲಿ ಏನಿತ್ತೆಂಬುದರ ಮೇಲೆ ಅದು ಬದಲಾಗುತ್ತದೆ. ಮೂರು ಬಗೆಗಳನ್ನು ಊಹಿಸೋಣ. ಮೊದಲನೆಯ ಬಗೆಯಲ್ಲಿ, ಚಾಪೆಯ ಮೇಲಿರುವುದು ಮನುಷ್ಯನೇ ಅಲ್ಲ, ಹೆಬ್ಬಾವು ಎಂದು ಅವನಿಗೆ ಕಾಣಿಸಿತು. ಅವನು ಹೊಡೆದದ್ದು ಹಾವನ್ನು. ಎರಡನೆಯ ಬಗೆಯಲ್ಲಿ, ಮನುಷ್ಯನೆಂದೂ ಹೊಡೆದರೆ ಸಾಯುವನೆಂದೂ ಅವನಿಗೆ ತಿಳಿದಿತ್ತು. ಆದರೆ ಈ ಕ್ಷಣದಲ್ಲಿ ತಾನು ಹೊಡೆಯದಿದ್ದರೆ ಆತನೇ ತನ್ನನ್ನು ಕೊಲ್ಲುವನೆಂದು ರೋಗದ ಭ್ರಾಂತಿಯಿಂದ ದೃಢವಾಗಿ ನಂಬಿದ್ದನು. ತಾನು ಮಾಡುತ್ತಿರುವುದು ತಪ್ಪೆಂಬ ಅರಿವು ಅವನಲ್ಲಿ ಹುಟ್ಟುವಂತಿರಲಿಲ್ಲ. ಮೂರನೆಯ ಬಗೆಯಲ್ಲಿ, ರೋಗವು ನಿಜವಾಗಿಯೂ ಇತ್ತು, ಆದರೆ ಕೊಲೆಗೆ ಕಾರಣ ಬೇರೆ: ಸಾಲದ ಹಣಕ್ಕಾಗಿ ಜಗಳವಾಗಿತ್ತು. ಅವನು ಕತ್ತಲೆಯನ್ನು ಕಾದು ಹೊಡೆದನು, ಕತ್ತಿಯನ್ನು ತೊಳೆದಿಟ್ಟನು, ಮುಂಜಾವಿನ ರೈಲು ಹತ್ತಿದನು.

ವೈದ್ಯರು ಮೂವರನ್ನೂ ಪರೀಕ್ಷಿಸಿ ಒಂದೇ ರೋಗದ ಹೆಸರನ್ನು ಬರೆಯಬಹುದು. ಆದರೆ ಕಾನೂನು ಮೊದಲನೆಯವನನ್ನು ಅಪರಾಧಿಯೆನ್ನದು. ಎರಡನೆಯವನು ಅಂತಹ ಸ್ಥಿತಿಯಲ್ಲಿದ್ದನೆಂಬುದು ತೋರಿಬಂದರೆ ಅವನನ್ನೂ ಅಪರಾಧಿಯೆನ್ನದು. ಮೂರನೆಯವನನ್ನು ಮಾತ್ರ ಬಿಡದು. ಹಾಗಾದರೆ ಕಾನೂನು ಕೇಳುವುದು ‘ಇವನಿಗೆ ರೋಗವಿತ್ತೆ?’ ಎಂಬ ಪ್ರಶ್ನೆಯನ್ನಲ್ಲ; ‘ಆ ರೋಗವು ಆ ಗಳಿಗೆಯಲ್ಲಿ ಇವನ ಅರಿವನ್ನು ಕಸಿದುಕೊಂಡಿತ್ತೆ?’ ಎಂಬ ಪ್ರಶ್ನೆಯನ್ನು. ಈ ಭೇದವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ.

ಈ ನಿಯಮವು ಭಾರತೀಯ ದಂಡಸಂಹಿತೆಯ 84ನೆಯ ಕಲಮಿನಲ್ಲಿತ್ತು. ಆ ಸಂಹಿತೆಯು 1860ರಲ್ಲಿ ಅಂಗೀಕೃತವಾಗಿ 1862ರ ಜನವರಿ 1ರಿಂದ ಜಾರಿಗೆ ಬಂದಿತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯು ಬಂದಿದೆ. ಹಳೆಯ 84ನೆಯ ಕಲಮಿನ ಅಭಿಪ್ರಾಯವೇ ಹೊಸದರ 22ನೆಯ ಕಲಮಿನಲ್ಲಿದೆ. ಅದರ ತಾತ್ಪರ್ಯವಿಷ್ಟು: ಒಬ್ಬನು ಒಂದು ಕೃತ್ಯವನ್ನು ಮಾಡುವ ಸಮಯದಲ್ಲಿ, ಚಿತ್ತದ ಅಸ್ವಾಸ್ಥ್ಯದ ಕಾರಣದಿಂದ, ಆ ಕೃತ್ಯದ ಸ್ವರೂಪವನ್ನಾಗಲಿ, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧವೆಂಬುದನ್ನಾಗಲಿ ತಿಳಿಯಲು ಅಶಕ್ತನಾಗಿದ್ದರೆ, ಅವನು ಮಾಡಿದ್ದು ಅಪರಾಧವಲ್ಲ. ಇಲ್ಲಿ ಮೂರು ಗಂಟುಗಳಿವೆ. ಮೊದಲನೆಯದು ಸಮಯ: ಹಿಂದೆ ಅಥವಾ ಮುಂದೆ ರೋಗವಿದ್ದರೆ ಸಾಲದು. ಎರಡನೆಯದು ಕಾರಣ: ಅರಿವು ಇಲ್ಲದಿದ್ದುದು ರೋಗದಿಂದಲೇ ಆಗಿರಬೇಕು, ಕೋಪದಿಂದಲ್ಲ. ಮೂರನೆಯದು ಅಶಕ್ತತೆ: ತಿಳಿಯದೆ ಹೋದದ್ದಲ್ಲ, ತಿಳಿಯುವ ಸಾಮರ್ಥ್ಯವೇ ಇರಲಿಲ್ಲವೆಂಬುದು.

ಈ ನಿಯಮದ ಹಿಂದೆ ಲಂಡನ್ನಿನ ಒಂದು ಕಥೆಯಿದೆ. 1843ರ ಜನವರಿ 20ರಂದು ಡೇನಿಯಲ್ ಮೆಕ್‌ನಾಟನ್ ಎಂಬ ಸ್ಕಾಟ್ಲೆಂಡಿನ ಮರಗೆಲಸದವನು ಎಡ್ವರ್ಡ್ ಡ್ರಮಂಡ್ ಎಂಬವರನ್ನು ಬೀದಿಯಲ್ಲಿ ಗುಂಡಿಟ್ಟು ಹೊಡೆದನು. ಡ್ರಮಂಡರು ಪ್ರಧಾನಮಂತ್ರಿ ರಾಬರ್ಟ್ ಪೀಲರ ಆಪ್ತ ಕಾರ್ಯದರ್ಶಿಗಳು. ಐದು ದಿನಗಳಲ್ಲಿ ತೀರಿಕೊಂಡರು. ಆಳುವ ಪಕ್ಷದವರು ತನ್ನನ್ನು ಹೋದಲ್ಲೆಲ್ಲ ಬೆನ್ನಟ್ಟಿ ಪೀಡಿಸುತ್ತಿದ್ದಾರೆಂಬುದು ಮೆಕ್‌ನಾಟನ್ನನ ಭ್ರಾಂತಿಯಾಗಿತ್ತು. ವೈದ್ಯರ ಸಾಕ್ಷ್ಯವನ್ನು ಕೇಳಿದ ಜ್ಯೂರಿಯು, ಬುದ್ಧಿಭ್ರಮಣೆಯ ಕಾರಣ ಆತನು ತಪ್ಪಿತಸ್ಥನಲ್ಲವೆಂದು ತೀರ್ಮಾನಿಸಿತು. ದೇಶದಲ್ಲೆಲ್ಲ ಕೋಲಾಹಲವೆದ್ದಿತು. ಆಗ ಪ್ರಭುಸಭೆಯು ನ್ಯಾಯಾಧೀಶರನ್ನು ಕರೆಸಿ ಈ ವಿಷಯದ ಕಾನೂನು ಏನೆಂದು ಪ್ರಶ್ನಿಸಿತು. ಅದೇ ವರ್ಷ ಅವರು ಕೊಟ್ಟ ಉತ್ತರಗಳೇ ‘ಮೆಕ್‌ನಾಟನ್ ನಿಯಮಗಳು’ ಎಂದು ಪ್ರಸಿದ್ಧವಾದುವು. ನಮ್ಮ 84ನೆಯ ಕಲಮು ಆ ಚಿಂತನೆಯ ದಾರಿಯನ್ನೇ ಹಿಡಿದಿದೆ. ಇನ್ನೊಂದು ಮಾತನ್ನು ಮರೆಯಬಾರದು. ಮೆಕ್‌ನಾಟನ್ನನು ಗಲ್ಲಿನಿಂದ ಪಾರಾದನೇ ಹೊರತು ಮನೆಗೆ ಹೋಗಲಿಲ್ಲ. ಆಸ್ಪತ್ರೆಯ ಬಂಧನದಲ್ಲಿಯೇ ಇಪ್ಪತ್ತಕ್ಕೂ ಹೆಚ್ಚು ವರ್ಷಗಳನ್ನು ಕಳೆದು 1865ರಲ್ಲಿ ಮೃತನಾದನು.

ಈಗ ಮೊದಲ ಪ್ರಶ್ನೆಗೆ ಬರೋಣ. ಕೊಂದವರೆಲ್ಲ ಹುಚ್ಚಿನ ನೆಪ ಹೇಳಿ ಪಾರಾಗಬಹುದೆ? ನೆಪವನ್ನು ಹೇಳುವುದು ಸುಲಭ, ತೋರಿಸಿಕೊಡುವುದು ಸುಲಭವಲ್ಲ. ಪ್ರತಿಯೊಬ್ಬನೂ ಸ್ವಸ್ಥಚಿತ್ತನೆಂದೇ ಕಾನೂನು ಮೊದಲು ಭಾವಿಸುತ್ತದೆ. ಹಾಗಲ್ಲವೆಂದು ತೋರಿಸುವ ಹೊಣೆ ಆಪಾದಿತನದು. ಆದರೆ ಇಲ್ಲಿ ಕಾನೂನು ಒಂದು ದಯೆಯನ್ನೂ ತೋರಿದೆ. ಸರಕಾರಿ ಪಕ್ಷವು ಕೊಲೆಯನ್ನು ಸಂಶಯಕ್ಕೆಡೆಯಿಲ್ಲದಂತೆ ರುಜುವಾತುಪಡಿಸಬೇಕು. ಆಪಾದಿತನಿಗಾದರೋ ಅಷ್ಟು ಭಾರವಿಲ್ಲ. ತಾನು ಹೇಳುವುದು ಇಲ್ಲವೆನ್ನುವುದಕ್ಕಿಂತ ಇದೆಯೆನ್ನುವುದೇ ಹೆಚ್ಚು ಸಂಭವವೆಂದು ತಕ್ಕಡಿಯು ಸ್ವಲ್ಪ ವಾಲಿದರೂ ಸಾಕು. ಕರ್ನಾಟಕದಿಂದ ಹೋದ ಒಂದು ಮೇಲ್ಮನವಿಯ ತೀರ್ಪಿನಲ್ಲಿಯೂ ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಈ ತತ್ತ್ವವನ್ನೇ ಮತ್ತೆ ಹೇಳಿದೆ.

ಈ ತಕ್ಕಡಿಯು ಹೇಗೆ ತೂಗುತ್ತದೆಂಬುದನ್ನು ಎರಡು ನಿಜವಾದ ಮೊಕದ್ದಮೆಗಳಿಂದ ತಿಳಿಯಬಹುದು. ಮೊದಲನೆಯದು ಗುಜರಾತಿನದು. 1959ರ ಏಪ್ರಿಲಿನ ಒಂದು ರಾತ್ರಿ, ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಒಬ್ಬಾತನು ತನ್ನ ಹೆಂಡತಿಯನ್ನು ಚೂರಿಯಿಂದ ಇರಿದು ಕೊಂದನು. ಆಕೆಯ ಮೈಮೇಲೆ 44 ಗಾಯಗಳಿದ್ದುವು. ಕೂಗು ಕೇಳಿ ಬಂದ ನೆರೆಹೊರೆಯವರೆದುರು ಆತನು ಅಸಂಬದ್ಧವಾಗಿ ವರ್ತಿಸಿದನೆಂದು ಹೇಳಲಾಯಿತು. ಈ ಮೊಕದ್ದಮೆಯು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. 1964ರ ಮಾರ್ಚಿನಲ್ಲಿ ನ್ಯಾಯಮೂರ್ತಿ ಸುಬ್ಬರಾಯರು ಬರೆದ ತೀರ್ಪು ಇಂದಿಗೂ ಈ ವಿಷಯದಲ್ಲಿ ಕೈದೀಪದಂತಿದೆ. ಮನಸ್ಸಿನ ಸ್ಥಿತಿಯನ್ನು ನಿಶ್ಚಯಿಸಬೇಕಾದುದು ಕೃತ್ಯದ ಸಮಯಕ್ಕೆ. ಆ ಸಮಯದ ಮನಸ್ಸನ್ನು ತಿಳಿಯಲು ಅದಕ್ಕೆ ಮುಂಚಿನ, ಆಗಿನ ಮತ್ತು ಆಮೇಲಿನ ಸಂದರ್ಭಗಳನ್ನು ನೋಡಬೇಕು ಎಂದು ಅವರು ವಿವರಿಸಿದರು. ಮತ್ತೊಂದು ಸೂಕ್ಷ್ಮವನ್ನೂ ಹೇಳಿದರು: ಆಪಾದಿತನು ತನ್ನ ಬುದ್ಧಿಭ್ರಮಣೆಯನ್ನು ಪೂರ್ಣವಾಗಿ ತೋರಿಸಿಕೊಡಲಾರದೆ ಹೋದರೂ, ಅವನ ಪುರಾವೆಯಿಂದ ಕೊಲ್ಲುವ ಉದ್ದೇಶವೇ ಇತ್ತೆ ಎಂಬ ಸಮಂಜಸವಾದ ಸಂಶಯ ಹುಟ್ಟಿದರೆ ಅದರ ಪ್ರಯೋಜನ ಅವನಿಗೆ ಸಲ್ಲಬೇಕು. ಆದರೆ ಆ ಮೊಕದ್ದಮೆಯಲ್ಲಿ ಅಂತಹ ಸಂಶಯವು ಹುಟ್ಟಲಿಲ್ಲ. ಘಟನೆಗೆ ಮುಂಚೆ ಆತನು ರೋಗಿಯಾಗಿದ್ದನೆಂಬುದಕ್ಕೆ ನಂಬತಕ್ಕ ಸಾಕ್ಷ್ಯವಿರಲಿಲ್ಲ. ಹೆಂಡತಿಯ ಮೇಲೆ ದ್ವೇಷವಿದ್ದುದಕ್ಕೆ ಇತ್ತು. ಶಿಕ್ಷೆಯು ಸ್ಥಿರವಾಯಿತು.

ಎರಡನೆಯದು ಮಹಾರಾಷ್ಟ್ರದ್ದು. 1994ರ ಏಪ್ರಿಲಿನಲ್ಲಿ ಒಬ್ಬ ಪೊಲೀಸು ಪೇದೆಯು ಹಾಡಹಗಲಿನಲ್ಲಿ, ಬಟ್ಟೆ ಒಗೆಯುತ್ತಿದ್ದ ತನ್ನ ಹೆಂಡತಿಯ ತಲೆಯ ಮೇಲೆ ರುಬ್ಬುವ ಕಲ್ಲನ್ನು ಹಾಕಿ ಕೊಂದನು. ಕೆಳಗಿನ ನ್ಯಾಯಾಲಯಗಳು ಶಿಕ್ಷೆ ವಿಧಿಸಿದುವು. ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಆ ಶಿಕ್ಷೆಯನ್ನು ರದ್ದುಪಡಿಸಿತು. ಕಾರಣಗಳನ್ನು ನೋಡಿರಿ. ಆತನ ತಂದೆಗೂ ಮಾನಸಿಕ ರೋಗವಿತ್ತು. ಆತನಿಗೇ ಘಟನೆಗೆ ಸುಮಾರು ಎರಡು ವರ್ಷ ಮುಂಚಿನಿಂದ ಚಿಕಿತ್ಸೆ ನಡೆಯುತ್ತಿತ್ತು. ಸಂಶಯಭ್ರಾಂತಿಯಿಂದ ಕೂಡಿದ ಸ್ಕಿಜೋಫ್ರೇನಿಯಾ ಎಂದು ವೈದ್ಯರು ಗುರುತಿಸಿದ್ದರು. ಘಟನೆಯಾದ ವರ್ಷದಲ್ಲಿಯೇ, ಜೂನ್ ತಿಂಗಳಿಂದ ಡಿಸೆಂಬರಿನೊಳಗೆ, ಆತನನ್ನು 25 ಬಾರಿ ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಕೊಲೆಗೆ ಹೇಳಿದ ಕಾರಣ ಬಲು ದುರ್ಬಲ: ಪೇದೆಯ ಕೆಲಸ ಬಿಡುತ್ತೇನೆಂದಾಗ ಹೆಂಡತಿ ಬೇಡವೆಂದಿದ್ದಳು. ಕೊಂದ ಬಳಿಕ ಆತನು ಅಡಗಲೂ ಇಲ್ಲ, ಓಡಲೂ ಇಲ್ಲ. ಇವನ್ನೆಲ್ಲ ಜೋಡಿಸಿ ನೋಡಿದಾಗ ತಕ್ಕಡಿಯು ಆಪಾದಿತನ ಕಡೆಗೆ ವಾಲಿತು.

ಈ ಎರಡು ಮೊಕದ್ದಮೆಗಳ ನಡುವಣ ಅಂತರವು ಎಲ್ಲಿದೆ? ಕ್ರೌರ್ಯದ ಪ್ರಮಾಣದಲ್ಲಿಲ್ಲ, ಎರಡೂ ಭಯಂಕರವಾದುವೇ. ಗಾಯಗಳು ಹೆಚ್ಚಾಗಿದ್ದುವೆಂಬ ಮಾತ್ರಕ್ಕೆ, ಅಥವಾ ಕೊಲೆಗೆ ಕಾರಣ ಕಾಣಲಿಲ್ಲವೆಂಬ ಮಾತ್ರಕ್ಕೆ, ಕೊಂದವನ ಅರಿವು ಅಳಿದಿತ್ತೆಂದು ನ್ಯಾಯಾಲಯವು ಒಪ್ಪುವುದಿಲ್ಲ. ಅಂತರವಿರುವುದು ಆಸ್ಪತ್ರೆಯ ಕಾಗದದಲ್ಲಿ. ಒಂದರಲ್ಲಿ ರೋಗದ ಚರಿತ್ರೆಯು ವೈದ್ಯರ ಪುಸ್ತಕದಲ್ಲಿ ತಾರೀಖುಸಹಿತ ದಾಖಲಾಗಿತ್ತು. ಮತ್ತೊಂದರಲ್ಲಿ ಅಂತಹ ದೃಢವಾದ ಪುರಾವೆಯಿರಲಿಲ್ಲ.

ನಟನೆಯನ್ನು ಕಂಡುಹಿಡಿಯಲು ಬೇರೆ ಮಾರ್ಗಗಳೂ ಇವೆ. ಸಂಶಯ ಬಂದಾಗ ನ್ಯಾಯಾಲಯವು ಆಪಾದಿತನನ್ನು ಸರಕಾರಿ ಮಾನಸಿಕ ಆಸ್ಪತ್ರೆಗೆ ಕಳುಹಿಸಿ ವೈದ್ಯರ ನಿರೀಕ್ಷಣೆಯಲ್ಲಿಡಿಸಬಹುದು. ಎದುರಿಗೆ ಜನರಿರುವಾಗ ಮಾತ್ರ ಹುಚ್ಚನಂತೆ ಕುಣಿಯುವವನು ಹಗಲೂ ರಾತ್ರಿಯೂ ಅದನ್ನು ನಡೆಸಲಾರನು. ಕುಡಿತಕ್ಕೂ ಈ ರಕ್ಷಣೆಯಿಲ್ಲ. ತನ್ನ ಇಚ್ಛೆಯಿಂದಲೇ ಕುಡಿದು ಮೈಮರೆತವನು ಬುದ್ಧಿಯಿಲ್ಲದೆ ಮಾಡಿದೆನೆಂದು ಹೇಳುವಂತಿಲ್ಲ. ಅವನಿಗೆ ತಿಳಿಯದಂತೆ ಅಥವಾ ಬಲಾತ್ಕಾರದಿಂದ ಇತರರು ಕುಡಿಸಿದ್ದರೆ ಮಾತ್ರ ಬೇರೆ ಮಾತು.

ನಮ್ಮ ಕಾನೂನಿನಲ್ಲಿ ಒಂದು ಇಕ್ಕಟ್ಟೂ ಇದೆ. ಅದು ಅರಿವನ್ನು ಮಾತ್ರ ನೋಡುತ್ತದೆ. ತಪ್ಪೆಂದು ತಿಳಿದೂ, ರೋಗದ ಒತ್ತಡಕ್ಕೆ ಸಿಲುಕಿ ತನ್ನನ್ನು ತಡೆದುಕೊಳ್ಳಲಾರದೆ ಹೋದವನಿಗೆ ಅದರಲ್ಲಿ ವಿನಾಯಿತಿಯಿಲ್ಲ. ಇಂಗ್ಲೆಂಡಿನಲ್ಲಿ 1957ರ ಒಂದು ಕಾಯಿದೆಯು, ರೋಗದಿಂದ ಹೊಣೆಗಾರಿಕೆ ಕುಗ್ಗಿದವನ ಕೃತ್ಯವನ್ನು ಕೊಲೆಯೆನ್ನದೆ ಅದಕ್ಕಿಂತ ಕಡಿಮೆಯ ಅಪರಾಧವೆಂದು ಎಣಿಸುವ ನಡುದಾರಿಯೊಂದನ್ನು ತೆರೆಯಿತು. ನಮ್ಮಲ್ಲಿ ಅಂತಹ ನಡುದಾರಿಯಿಲ್ಲ. ಆದರೂ ಶಿಕ್ಷೆಯ ಪ್ರಮಾಣವನ್ನು ನಿಶ್ಚಯಿಸುವಾಗ ರೋಗವನ್ನು ಗಣನೆಗೆ ತೆಗೆದುಕೊಳ್ಳಬಹುದು. ಮರಣದಂಡನೆಗೆ ಗುರಿಯಾದವನ ಚಿತ್ತವು ಆಮೇಲೆ ಕೆಟ್ಟರೆ, ಅದು ಆ ದಂಡನೆಯನ್ನು ಜೀವಾವಧಿಗೆ ಇಳಿಸಲು ಒಂದು ಕಾರಣವೆಂದು ಸರ್ವೋಚ್ಚ ನ್ಯಾಯಾಲಯವು 2014ರ ಜನವರಿಯಲ್ಲಿ ತೀರ್ಪಿತ್ತಿದೆ.

ಇನ್ನು ಏಲೂರಿನ ತರುಣನ ಕಡೆಗೆ ಮರಳೋಣ. ಅವನು ಬಂಧಿತನಾಗಿ ಎರ್ನಾಕುಳದ ಸೆಷನ್ಸ್ ನ್ಯಾಯಾಲಯದ ಮುಂದೆ ನಿಂತಿದ್ದಾನೆ. ಅಲ್ಲಿ ಮೊದಲು ಏಳುವುದು ಬೇರೊಂದು ಪ್ರಶ್ನೆ: ಈಗ, ವಿಚಾರಣೆಯ ಹೊತ್ತಿನಲ್ಲಿ, ತನ್ನ ಮೇಲಿನ ಆರೋಪವನ್ನು ತಿಳಿದು ವಕೀಲರಿಗೆ ಸಂಗತಿಗಳನ್ನು ಹೇಳುವಷ್ಟು ಇವನು ಸ್ವಸ್ಥನೆ? ಅಲ್ಲವಾದರೆ ವಿಚಾರಣೆಯು ನಿಲ್ಲುತ್ತದೆ, ಚಿಕಿತ್ಸೆಯು ನಡೆಯುತ್ತದೆ. ಗುಣವಾದ ಮೇಲೆ ವಿಚಾರಣೆಯು ಮತ್ತೆ ಆರಂಭವಾಗುತ್ತದೆ. ತನ್ನ ಪಕ್ಷವನ್ನು ಹೇಳಿಕೊಳ್ಳಲಾರದವನ ವಿಚಾರಣೆ ಮಾಡಬಾರದೆಂಬುದು ಇದರ ಮರ್ಮ.

ವಿಚಾರಣೆಯ ಕೊನೆಯಲ್ಲಿ ಅವನು ಮೊದಲನೆಯ ಅಥವಾ ಎರಡನೆಯ ಬಗೆಯವನೆಂದು ತೀರ್ಮಾನವಾಯಿತೆನ್ನೋಣ. ಆಗಲೂ ನ್ಯಾಯಾಧೀಶರು ‘ಬಿಡುಗಡೆ’ ಎಂದಷ್ಟೇ ಬರೆದು ಮುಗಿಸುವಂತಿಲ್ಲ. ಆ ಕೃತ್ಯವನ್ನು ಇವನು ಮಾಡಿದನೋ ಇಲ್ಲವೋ ಎಂಬುದನ್ನು ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಲೇಬೇಕೆಂದು ಕಾನೂನಿದೆ. ನಮಗೆ ಈ ವಿಧಿಯು ತುಂಬ ಅರ್ಥವತ್ತಾಗಿ ತೋರುತ್ತದೆ. ಸತ್ತವನಿಗೂ ತಾಯಿಯಿದ್ದಾಳೆ. ತನ್ನ ಮಗನ ಸಾವು ಹೇಗಾಯಿತೆಂಬ ಸತ್ಯವು ನ್ಯಾಯಾಲಯದ ಮುದ್ರೆಯೊಡನೆ ಉಳಿಯಬೇಕೆಂಬುದು ಆಕೆಯ ಹಕ್ಕು. ಕೊಂದವನಿಗೆ ಶಿಕ್ಷೆಯಾಗದಿರಬಹುದು, ಆದರೆ ಕೊಲೆಯೇ ನಡೆಯಲಿಲ್ಲವೆಂದು ಯಾರೂ ಹೇಳಲಾಗದು. ಅನಂತರ ನ್ಯಾಯಾಲಯವು ಅವನನ್ನು ಸುರಕ್ಷಿತವಾದ ಸ್ಥಳದಲ್ಲಿ ಇರಿಸಲು ಆಜ್ಞೆ ಮಾಡಬಹುದು. ಅಥವಾ ಇವನಿಂದ ಇವನಿಗೂ ಇತರರಿಗೂ ಅಪಾಯವಾಗದಂತೆ ನೋಡಿಕೊಳ್ಳುತ್ತೇವೆಂದು ಜಾಮೀನು ಕೊಟ್ಟ ಬಂಧುಗಳ ವಶಕ್ಕೆ ಒಪ್ಪಿಸಬಹುದು. ಕರೆದೊಯ್ಯುವ ಬಂಧುಗಳಿಲ್ಲದಿದ್ದರೆ? ಆಗ ಊಳಂಪಾರದಂತಹ ಆಸ್ಪತ್ರೆಯ ಗೋಡೆಗಳೇ ಅವನ ಮನೆ.

ಅಪಾಯವಿರುವುದು ಇಲ್ಲಿ. ಶಿಕ್ಷೆಗೆ ಒಂದು ಕೊನೆಯ ದಿನವಿದೆ. ಆದರೆ ಇಂತಹ ಬಂಧನಕ್ಕೆ ಮೊದಲೇ ಗೊತ್ತಾದ ಕೊನೆಯಿಲ್ಲ. ಯಾರೂ ಕೇಳುವವರಿಲ್ಲದಿದ್ದರೆ ಮನುಷ್ಯನು ಮರೆತೇ ಹೋಗಬಹುದು. ಅಸ್ಸಾಮಿನ ಮಚಾಂಗ್ ಲಾಲುಂಗ್ ಎಂಬ ಬಡ ಗ್ರಾಮೀಣನನ್ನು 1951ರಲ್ಲಿ ಬಂಧಿಸಿದರು. ಆರೋಪವು ಕೊಲೆಯದೂ ಅಲ್ಲ, ತೀವ್ರವಾದ ಗಾಯ ಮಾಡಿದನೆಂಬುದು. ಆತನನ್ನು ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಕಳುಹಿಸಿದರು. 1967ರಲ್ಲಿ ವೈದ್ಯರು ಆತನು ಸ್ವಸ್ಥನೆಂದು ತಿಳಿಸಿದರೂ ವಿಚಾರಣೆ ನಡೆಯಲಿಲ್ಲ. ಆಸ್ಪತ್ರೆಯಿಂದ ಸೆರೆಮನೆಗೆ ವರ್ಗವಾಯಿತು, ಅಷ್ಟೆ. ಆತನು ಹೊರಗೆ ಬಂದದ್ದು 2005ರಲ್ಲಿ, 54 ವರ್ಷಗಳ ಬಳಿಕ, ಒಂದು ರೂಪಾಯಿಯ ಮುಚ್ಚಳಿಕೆಯ ಮೇಲೆ. ಆಗ ಬಿಹಾರಕ್ಕೆ ಸೇರಿದ್ದ ಹಜಾರಿಬಾಗ್ ಸೆರೆಮನೆಯಲ್ಲಿ ಬುದ್ಧಿಭ್ರಮಣೆಯ ಹೆಸರಿನಲ್ಲಿ ದಶಕಗಟ್ಟಲೆ ಕೊಳೆಯುತ್ತಿದ್ದ ಬಂದಿಗಳ ಸಂಗತಿಯು 1982ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಹುಚ್ಚಿನ ನೆಪದಿಂದ ಸುಖವಾಗಿ ಪಾರಾಗುತ್ತಾರೆಂದು ಮಾತನಾಡುವವರು ಈ ಸಂಗತಿಗಳನ್ನೂ ನೆನೆಯಬೇಕು.

ಹೀಗೆ ವಿಚಾರಮಾಡುತ್ತ ಬಂದರೆ, ಆರಂಭದ ಎರಡು ಪ್ರಶ್ನೆಗಳಿಗೂ ಕಾನೂನು ತಕ್ಕಮಟ್ಟಿಗೆ ಉತ್ತರ ಕೊಟ್ಟಿದೆಯೆಂದು ಹೇಳಬಹುದು. ನಟಿಸುವವನಿಗೆ ಬಾಗಿಲು ಕಿರಿದಾಗಿದೆ. ನಿಜವಾಗಿ ಅರಿವಳಿದವನಿಗೆ ಅದು ತೆರೆದಿದೆ. ಆದರೆ ಮೂರನೆಯದೊಂದು ಪ್ರಶ್ನೆ ಉಳಿಯಿತು. ಅದು ನ್ಯಾಯಾಧೀಶರಿಗೆ ಕೇಳತಕ್ಕದ್ದಲ್ಲ, ನಮಗೆ ನಾವೇ ಕೇಳಿಕೊಳ್ಳತಕ್ಕದ್ದು. ಏಲೂರಿನ ಆ ಕೋಣೆಯವರೆಗೆ ವಿಷಯವು ಬೆಳೆಯಲು ಬಿಟ್ಟವರು ಯಾರು?

ತರುಣನ ತಾಯಿ ರೋಗವನ್ನು ಕಂಡಿದ್ದಳು, ಸೋದರಮಾವನೂ ಕಂಡಿದ್ದನು. ಪ್ರೀತಿಯಿಲ್ಲದೆ ಅಲ್ಲ, ನಾಚಿಕೆಯಿಂದ ಅವರು ಅದನ್ನು ಮುಚ್ಚಿಟ್ಟರು. ಹಾಗೆ ಮುಚ್ಚಿಟ್ಟುದರಿಂದ ಎರಡು ಕೇಡುಗಳಾದುವು. ಚಿಕಿತ್ಸೆ ದೊರೆಯದೆ ರೋಗವು ಬಲಿತು ಒಂದು ಜೀವ ಹೋಯಿತು. ಆಮೇಲೆ, ಮಗನು ನಿಜವಾಗಿಯೂ ರೋಗಿಯಾಗಿದ್ದನೆಂದು ನ್ಯಾಯಾಲಯದಲ್ಲಿ ಹೇಳಬೇಕಾದ ದಿನ ಬಂದಾಗ, ಅವರ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಊರಿಗೆಲ್ಲ ‘ನಮ್ಮ ಹುಡುಗನಿಗೆ ಏನೂ ಇಲ್ಲ’ ಎಂದು ಹೇಳಿಕೊಂಡು ಬಂದವರು, ಇದ್ದಕ್ಕಿದ್ದಂತೆ ‘ಅವನಿಗೆ ಆಗಲೇ ರೋಗವಿತ್ತು’ ಎಂದರೆ ಯಾರು ನಂಬುತ್ತಾರೆ? ಮುಚ್ಚಿಟ್ಟ ರೋಗಕ್ಕೆ ಸಾಕ್ಷಿಯಿಲ್ಲ.

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ನಾವು ನಗುತ್ತ ಹೇಳುತ್ತೇವೆ. ಆ ಗಾದೆಯನ್ನು ನಿಜವೆಂದು ನಂಬಿ, ರೋಗವನ್ನು ಮರೆಮಾಚಿ ಮದುವೆ ಮಾಡಿಸುವ ಮನೆಗಳು ಇನ್ನೂ ಇವೆ. ಮೇಲೆ ಹೇಳಿದ ಎರಡು ಮೊಕದ್ದಮೆಗಳಲ್ಲಿಯೂ ಪ್ರಾಣ ತೆತ್ತವರು ಹೆಂಡತಿಯರೆಂಬುದನ್ನು ಓದುಗರು ಗಮನಿಸಿರಬಹುದು. ರೋಗವಿದ್ದ ಮನೆಗೆ ತಿಳಿಯದೆ ಬಂದ ಹೆಣ್ಣಿಗೆ ಎಂತಹ ಅನ್ಯಾಯವಾಗಬಹುದೆಂಬುದನ್ನು ವಿವರಿಸಬೇಕಾಗಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಮನೋರೋಗಿಗಳೆಲ್ಲ ಅಪಾಯಕಾರಿಗಳೆಂದು ಯಾರೂ ಭಾವಿಸಬಾರದು. ಅವರಲ್ಲಿ ಬಹುಮಂದಿ ಯಾರ ಮೇಲೆಯೂ ಕೈಯೆತ್ತುವವರಲ್ಲ. ನಮ್ಮ ನಿಮ್ಮಂತೆ ದುಡಿದು, ಓದಿ, ಬಾಳುವವರು. ಪರಿಹಾಸ್ಯವನ್ನೂ ಏಟುಗಳನ್ನೂ ಇತರರಿಂದ ಸಹಿಸುವವರೇ ಹೆಚ್ಚು. 1952ರ ಸುಮಾರಿಗೆ ಫ್ರಾನ್ಸಿನಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧದ ಗುಣವು ತಿಳಿದಂದಿನಿಂದ ಈ ರೋಗಗಳ ಚಿಕಿತ್ಸೆಯ ಸ್ವರೂಪವೇ ಬದಲಾಗಿದೆ. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಅಲ್ಲಿಯ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಆ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವನ್ನು ಮಾದರಿಯಾಗಿಟ್ಟುಕೊಂಡು, 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭವಾಯಿತು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಚಿಕಿತ್ಸೆಯನ್ನು ಪ್ರತಿಯೊಬ್ಬನ ಹಕ್ಕೆಂದು ಸಾರಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರಕಾರಿ ಸೇವೆಗೆ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ, ಹಣದ ಖರ್ಚಿಲ್ಲದೆ ಸಲಹೆ ದೊರೆಯುತ್ತದೆ.

ಆದುದರಿಂದ ನಮ್ಮ ವಿದ್ಯಾರ್ಥಿಮಿತ್ರರಲ್ಲಿ ಒಂದು ಬಿನ್ನಹ. ಮನೆಯಲ್ಲಿಯಾಗಲಿ ತರಗತಿಯಲ್ಲಿಯಾಗಲಿ ಒಬ್ಬರ ನಿದ್ರೆ, ಮಾತು, ನಡೆ ಕಾರಣವಿಲ್ಲದೆ ಬದಲಾದುದನ್ನು ಕಂಡರೆ ನಗಬೇಡಿರಿ, ಅಡಗಿಸಲೂ ಬೇಡಿರಿ. ಹಿರಿಯರಿಗೆ ತಿಳಿಸಿರಿ, ಹಿರಿಯರು ನಾಚಿದರೆ ನೀವೇ ಧೈರ್ಯ ಹೇಳಿರಿ. ಜ್ವರ ಬಂದಾಗ ವೈದ್ಯರಲ್ಲಿಗೆ ಹೋಗಿ ಚೀಟಿಯನ್ನು ಜೋಪಾನವಾಗಿಡುವಂತೆ, ಮನಸ್ಸಿಗೆ ಜ್ವರ ಬಂದಾಗಲೂ ಮಾಡುವುದನ್ನು ಕಲಿಯೋಣ. ನ್ಯಾಯಾಲಯವು ಆದುದಕ್ಕೆ ಮಾತ್ರ ತೀರ್ಪು ಕೊಡಬಲ್ಲದು. ಆಗದಂತೆ ನೋಡಿಕೊಳ್ಳುವುದು ಮನೆಯವರ ಕೈಯಲ್ಲಿದೆ.